ಅತ್ತೆಯ ಏಳು ಹಲ್ಲು, ಮೂರು ಕ್ಯಾಮೆರಾ

ನನ್ನ ಗಂಡ ಯಾವುದನ್ನೂ ಸುಮ್ಮನೆ ಕೊಂಡವರಲ್ಲ. ನೀರು ಸರಬರಾಜು ಕಚೇರಿಯ ಖರೀದಿ ಶಾಖೆಯಲ್ಲಿ ಇಪ್ಪತ್ತಾರು ವರ್ಷ ಗುಮಾಸ್ತರಾಗಿ ಕೂತ ಮನುಷ್ಯ. ಅಲ್ಲಿ ಒಂದು ಮೊಳೆ ಬೇಕಾದರೂ ಮೂರು ಅಂಗಡಿಗಳ ಮೊಳೆಗಳನ್ನು ಅಕ್ಕಪಕ್ಕ ಇಟ್ಟು, ಅವಕ್ಕೆ ಅ, ಆ, ಇ ಎಂದು ಹೆಸರಿಟ್ಟು, ಒಂದೊಂದರ ಗುಣ ದೋಷ ಬರೆದು ತುಲನಾ ಪಟ್ಟಿ ಮಾಡಬೇಕು. ಅದಕ್ಕೆ ಐದು ಜನ ಸಹಿ ಹಾಕಬೇಕು. ಆಮೇಲೆ ಮೊಳೆ. ಈ ಅಭ್ಯಾಸ ಅವರ ಬೆನ್ನು ಹತ್ತಿ ಮನೆಗೂ ಬಂದಿತ್ತು. ನಮ್ಮ ಮನೆಯ ಪೊರಕೆ, ಬಕೆಟ್ಟು, ಗೋಡೆ ಗಡಿಯಾರ ಎಲ್ಲವೂ ಇಬ್ಬಿಬ್ಬರನ್ನು ಸೋಲಿಸಿ ಒಳಗೆ ಬಂದವು. ನನ್ನನ್ನು ಮದುವೆಯಾಗುವ ಮೊದಲೂ ಅಂಥದೊಂದು ಪಟ್ಟಿ ಇತ್ತೇ ಎಂದು ಒಮ್ಮೆ ಕೇಳಿದ್ದೆ. “ಹಳೇ ಕಡತ, ಹುಡುಕ್ಬೇಕು,” ಎಂದಿದ್ದರು. ಹತ್ತೊಂಬತ್ತು ವರ್ಷವಾಯಿತು, ಇನ್ನೂ ಸಿಕ್ಕಿಲ್ಲ.

ಕ್ಯಾಮೆರಾ ಪ್ರಕರಣ ಶುರುವಾದದ್ದು ನಾದಿನಿ ಮನೆಗೆ ಬಂದಿದ್ದ ಒಂದು ಭಾನುವಾರ. ಅದರ ಹಿಂದಿನ ದಿನವಷ್ಟೇ ಹಲ್ಲಿನ ಡಾಕ್ಟರು ಅತ್ತೆಯ ಬಾಯಿಯ ಬಗ್ಗೆ ಕೊನೆಯ ತೀರ್ಪು ಕೊಟ್ಟಿದ್ದರು. ಉಳಿದಿರುವುದು ಏಳು ಹಲ್ಲು, ಮೇಲೆ ನಾಲ್ಕು, ಕೆಳಗೆ ಮೂರು. ಏಳೂ ಅಲ್ಲಾಡುತ್ತಿವೆ. ಮುಂದಿನ ತಿಂಗಳು ಇಪ್ಪತ್ತೆರಡನೇ ತಾರೀಖು ಬೆಳಿಗ್ಗೆ ಹತ್ತಕ್ಕೆ ಎಲ್ಲವನ್ನೂ ಕೀಳುವುದು, ಆಮೇಲೆ ಕಟ್ಟಿಸಿದ ಹಲ್ಲು.

ಅತ್ತೆ ಅಳಲಿಲ್ಲ. ಚಹಾದಲ್ಲಿ ಬಿಸ್ಕತ್ತು ಅದ್ದುತ್ತಾ, “ಕೀಳ್ಲಿ. ಆದ್ರೆ ಅದಕ್ಕೆ ಮುಂಚೆ ನನ್ನ ಸ್ವಂತ ಹಲ್ಲಲ್ಲಿ ನಕ್ಕಿರೋ ಒಂದು ಫೋಟೋ ಬೇಕು,” ಎಂದರು.

ಇದು ಸಣ್ಣ ಬೇಡಿಕೆಯಾಗಿರಲಿಲ್ಲ. ಅತ್ತೆಯ ಹನ್ನೊಂದು ಫೋಟೋಗಳು ಮನೆಯಲ್ಲಿವೆ. ಹನ್ನೊಂದರಲ್ಲೂ ತುಟಿ ಮುಚ್ಚಿದೆ. ಮದುವೆಯ ದಿನ ಫೋಟೋದವನು, “ಬಾಯಿ ಮುಚ್ಕೊಳ್ಳಮ್ಮ, ಹಲ್ಲು ಮುಂದಕ್ಕೆ ಕಾಣುತ್ತೆ,” ಎಂದನಂತೆ. ಆಮೇಲೆ ಮಾವ ಹೇಳಿದರು. ಆಮೇಲೆ ಯಾರೂ ಹೇಳಬೇಕಾಗಲಿಲ್ಲ. ಐವತ್ತು ಚಿಲ್ಲರೆ ವರ್ಷ ಆಕೆ ಎಲ್ಲ ಫೋಟೋಗಳಲ್ಲೂ ಅಂಟು ಹಾಕಿ ಮುಚ್ಚಿದ ಲಕೋಟೆಯ ಹಾಗೆ ಕೂತಿದ್ದಾರೆ.

ನಾದಿನಿ ತಕ್ಷಣ ಫೋನು ಎತ್ತಿದಳು. “ಅಷ್ಟೇ ತಾನೇ? ಎಲ್ಲಿ, ನಗಮ್ಮ!”

ಅತ್ತೆಯ ತುಟಿ ಇನ್ನೇನು ಬಿರಿಯಬೇಕು, ನನ್ನ ಗಂಡ ಸಂಚಾರ ತಡೆಯುವ ಪೊಲೀಸರ ಹಾಗೆ ಕೈ ಅಡ್ಡ ಹಿಡಿದರು.

“ಫೋನಲ್ಲಿ ತೆಗೆಯೋದು ಫೋಟೋ ಅಲ್ಲ,” ಎಂದರು. “ಅದು ಬರೀ ಗುರುತು. ಅಮ್ಮನ ಫೋಟೋನ ನಾನು ಕ್ಯಾಮೆರಾದಲ್ಲೇ ತೆಗೀತೀನಿ. ಮಿರರ್‌ಲೆಸ್ ಕ್ಯಾಮೆರಾ!”

ಆ ಪದವನ್ನು ಅವರು ಕೇಳಿದ್ದು ಹಿಂದಿನ ವಾರ, ಬಸ್ಸಿನಲ್ಲಿ, ಯಾರೋ ಇಬ್ಬರ ಮಾತಿನ ನಡುವೆ. ತಂಗಿಯ ಮುಂದೆ ಹೇಳಿದ ಮೇಲೆ ಅದು ಪ್ರತಿಜ್ಞೆಯಾಯಿತು. ಅತ್ತೆ ಮಗನನ್ನೇ ನೋಡಿ, ಬಾಯಿ ಮುಚ್ಚಿದರು. “ಹಾಗಾದ್ರೆ ಆ ಕ್ಯಾಮೆರಾ ಬರೋವರ್ಗೂ ನಾನು ಯಾವ ಫೋನಿಗೂ ಹಲ್ಲು ತೋರ್ಸಲ್ಲ.”

“ಸ್ಟುಡಿಯೋಗೆ ಹೋಗಿ ಬರೋಣ ಅತ್ತೆ, ಅರ್ಧ ಗಂಟೆ ಕೆಲ್ಸ,” ಎಂದೆ ನಾನು.

“ಬೇಡಮ್ಮ. ಅವನು ಕಂಪ್ಯೂಟರಲ್ಲಿ ಹಲ್ಲೆಲ್ಲ ಬಿಳಿ ಮಾಡಿ, ಮೂವತ್ತೆರಡೂ ಕೂರ್ಸಿ ಕಳಿಸ್ತಾನೆ. ನನಗೆ ಇರೋ ಏಳೇ ಸಾಕು.”

ಸೋಮವಾರದಿಂದ ಕೆಲಸ ಶುರುವಾಯಿತು. ಕ್ಯಾಮೆರಾ ಅಂಗಡಿಯಾತ ಮೊದಲ ಸಲ ಕೊಳ್ಳುವವರಿಗೆಂದೇ ಇರುವ ಮೂರು ಕ್ಯಾಮೆರಾ ತೋರಿಸಿದನಂತೆ. ಸಂಜೆ ಅವುಗಳ ವಿವರ ಊಟದ ಮೇಜಿನ ಮೇಲೆ ಹರಡಿಕೊಂಡಿತು.

“ನೋಡಮ್ಮ, ಹಳೇ ಕ್ಯಾಮೆರಾದ ಒಳಗೆ ಒಂದು ಕನ್ನಡಿ ಇರ್ತಿತ್ತು. ಇದ್ರಲ್ಲಿ ಇಲ್ಲ. ಒಳಗೆ ಚಿತ್ರ ಹಿಡಿಯೋ ಸೆನ್ಸರು ಏನು ನೋಡುತ್ತೋ ಅದೇ ನಮಗೂ ಕಾಣುತ್ತೆ.”

“ಕನ್ನಡಿ ಇದ್ದಿದ್ರೆ ತಲೆಯಾದ್ರೂ ಬಾಚ್ಕೋಬಹುದಿತ್ತು,” ಎಂದರು ಅತ್ತೆ.

“ಅದಲ್ಲಮ್ಮ. ‘ಅ’ ಇದೆಯಲ್ಲ, ಅದರಲ್ಲಿ ಕೈ ನಡುಗಿದ್ರೂ ಚಿತ್ರ ನಡುಗಲ್ಲ. ಆದ್ರೆ ಸೆನ್ಸರು ಚಿಕ್ಕದು. ‘ಆ’ದಲ್ಲಿ ಸೆನ್ಸರು ದೊಡ್ಡದು, ಕಣ್ಣಿಟ್ಟು ನೋಡೋ ಕಿಂಡಿ ಇದೆ, ಆದ್ರೆ ಕೈ ನಡುಗಿದ್ರೆ ಚಿತ್ರಾನೂ ನಡುಗುತ್ತೆ. ‘ಇ’ ತುಂಬಾ ಹಗುರ, ಪರದೆ ತಿರುಗುತ್ತೆ, ಆದ್ರೆ ಕಿಂಡೀನೇ ಇಲ್ಲ. ಮೂರೂ ಮುಖದಲ್ಲಿ ಕಣ್ಣೆಲ್ಲಿದೆ ಅಂತ ತಾವೇ ಹುಡುಕಿ ಫೋಕಸ್ ಮಾಡ್ತಾವೆ.”

“ಕಣ್ಣು ಹುಡುಕಿ ಏನು ಮಾಡೋದೋ? ಕಣ್ಣನ್ನ ಯಾರೂ ಕೀಳ್ತಿಲ್ಲ. ಹಲ್ಲು ಹುಡುಕೋದು ತಗೊಂಡು ಬಾ.”

ಇದು ನ್ಯಾಯವಾದ ಮಾತು ಎಂದು ನನ್ನ ಗಂಡನಿಗೆ ಅನ್ನಿಸಿತು. ಮರುದಿನ ಅಂಗಡಿಗೆ ಹೋಗಿ ವಿಚಾರಿಸಿದರು. ಅಂಗಡಿಯಾತ ತಾಳ್ಮೆಯಿಂದ, “ಸಾರ್, ಇದು ಮನುಷ್ಯರ ಕಣ್ಣು ಹುಡುಕುತ್ತೆ, ನಾಯಿ, ಬೆಕ್ಕು, ಹಕ್ಕಿ ಕಣ್ಣೂ ಹುಡುಕುತ್ತೆ,” ಎಂದ.

“ಹಲ್ಲು?”

“ಮೊಸಳೆ ಫೋಟೋ ತೆಗೀತೀರಾ ಸಾರ್?”

“ಇಲ್ಲ. ನಮ್ಮಮ್ಮಂದು.”

ಅಂಗಡಿಯಾತ ಅಂದಿನಿಂದ ಇವರಿಗೆ ಒಂದು ಸ್ಟೂಲು ಹಾಕಿಕೊಟ್ಟ. ದಿನಾ ಮಧ್ಯಾಹ್ನದ ಬಿಡುವಿನಲ್ಲಿ ನನ್ನ ಗಂಡ ಅದರ ಮೇಲೆ ಕೂತು ಟಿಪ್ಪಣಿ ಬರೆಯುವರು. ಬಂದ ಗಿರಾಕಿಗಳು ಇವರನ್ನೇ ಅಂಗಡಿಯವರೆಂದು ತಿಳಿದು ಕೇಳುವರು. ಇವರು ಬ್ಯಾಟರಿಯಿಂದ ಹಿಡಿದು ಕುತ್ತಿಗೆ ಪಟ್ಟಿಯವರೆಗೆ ಬಿಡಿಸಿ ಬಿಡಿಸಿ ಹೇಳುವರು. ಮೂರು ವಾರದಲ್ಲಿ ಇವರ ಮಾತು ಕೇಳಿ ಆರು ಜನ ಕ್ಯಾಮೆರಾ ಕೊಂಡು ಹೋದರು. ನಮಗೊಂದು ಮಾತ್ರ ಬರಲಿಲ್ಲ.

ಮನೆಯಲ್ಲಿ ಪರೀಕ್ಷೆಗಳು ನಡೆದವು. ಲೆನ್ಸು ಸೇರಿ ‘ಆ’ ಕ್ಯಾಮೆರಾದ ತೂಕ ಅರ್ಧ ಕಿಲೋ ಮೇಲೆ ಸ್ವಲ್ಪ. ಅದನ್ನು ಕತ್ತು ತಡೆಯುತ್ತದೆಯೇ ಎಂದು ನೋಡಲು ಅರ್ಧ ಕಿಲೋ ಸಕ್ಕರೆಯ ಪೊಟ್ಟಣಕ್ಕೆ ದಾರ ಕಟ್ಟಿ, ಕತ್ತಿಗೆ ನೇತುಹಾಕಿಕೊಂಡು ಒಂದು ಸಂಜೆ ಬೀದಿಯಲ್ಲಿ ಎರಡು ಸುತ್ತು ಹೋಗಿ ಬಂದರು. ಪೊಟ್ಟಣದ ಮೂಲೆಯಲ್ಲಿ ತೂತಿತ್ತು. ಇವರು ಹೋದ ದಾರಿಯನ್ನು ಮರುದಿನ ಬೆಳಿಗ್ಗೆ ಇರುವೆಗಳು ತಪ್ಪದೆ ಹಿಡಿದು ನಮ್ಮ ಮನೆಯವರೆಗೂ ಬಂದವು.

ಆಮೇಲೆ ಕಿಂಡಿಯ ಪರೀಕ್ಷೆ. ಕಿಂಡಿಯಲ್ಲಿ ನೋಡಬೇಕಾದರೆ ಒಂದು ಕಣ್ಣು ಮುಚ್ಚಬೇಕು. ಐವತ್ತೊಂದನೇ ವಯಸ್ಸಿನಲ್ಲಿ ನನ್ನ ಗಂಡನಿಗೆ ತಮ್ಮ ಬಗ್ಗೆ ಒಂದು ಹೊಸ ವಿಷಯ ಗೊತ್ತಾಯಿತು. ಅವರಿಗೆ ಒಂದೇ ಕಣ್ಣು ಮುಚ್ಚಲು ಬರುವುದಿಲ್ಲ. ಮುಚ್ಚಿದರೆ ಎರಡೂ ಮುಚ್ಚುತ್ತವೆ. ಸರಿ, ಅಭ್ಯಾಸ ಶುರು. ಬೆಳಗಿನ ಗಾಳಿಯಲ್ಲಿ ಕಣ್ಣಿನ ನರ ಸಡಿಲವಾಗಿರುತ್ತದೆ ಎಂಬ ತರ್ಕದ ಮೇಲೆ ಬಾಲ್ಕನಿಯಲ್ಲಿ ನಿಂತು ಎಡಗಣ್ಣು ಮಿಟುಕಿಸತೊಡಗಿದರು. ಎದುರಿನ ಬಾಲ್ಕನಿಯಲ್ಲಿ ನಿವೃತ್ತ ಮೇಷ್ಟ್ರ ಹೆಂಡತಿ ಬಟ್ಟೆ ಒಣಗಿಸುತ್ತಿದ್ದರು.

ನಾಲ್ಕನೇ ದಿನ ಮೇಷ್ಟ್ರು ನಮ್ಮ ಮನೆಗೆ ಬಂದರು. ಕೂರಲಿಲ್ಲ.

“ನಿಮ್ಮ ಯಜಮಾನ್ರು ದಿನಾ ಏಳು ಗಂಟೆಗೆ ನಮ್ಮನೆಯವರನ್ನ ನೋಡಿ ಕಣ್ಣು ಹೊಡೀತಿದಾರೆ.”

“ಅಯ್ಯೋ ಮೇಷ್ಟ್ರೇ, ಅದು ಕ್ಯಾಮೆರಾಗೋಸ್ಕರ!”

“ಯಾವ ಕ್ಯಾಮೆರಾ?”

“ಇನ್ನೂ ತಗೊಂಡಿಲ್ಲ.”

ಈ ಉತ್ತರ ಪರಿಸ್ಥಿತಿಯನ್ನು ಸುಧಾರಿಸಲಿಲ್ಲ. ನನ್ನ ಗಂಡನೇ ಹೊರಗೆ ಬಂದು, “ತಪ್ಪು ತಿಳೀಬೇಡಿ ಮೇಷ್ಟ್ರೇ. ನಾನು ಅವರನ್ನ ನೋಡ್ತಾನೇ ಇಲ್ಲ. ಎರಡು ಕಣ್ಣೂ ಮುಚ್ಚಿರುತ್ತೆ,” ಎಂದು ಅಲ್ಲೇ ಮಾಡಿ ತೋರಿಸಿದರು. ಮೇಷ್ಟ್ರು ಹತ್ತಿರ ಬಂದು ಪರೀಕ್ಷಿಸಿದರು. ನಲವತ್ತು ವರ್ಷ ಪಾಠ ಹೇಳಿದ ಜೀವ. ಬಾರದವರನ್ನು ಕಂಡರೆ ಸುಮ್ಮನಿರಲಾಗದು. “ಕೆನ್ನೆ ಮೇಲೆತ್ತಿ. ಕೆನ್ನೆ! ಹುಬ್ಬಲ್ಲ!” ಎಂದು ಹೇಳಿಕೊಡಲು ಕೂತೇಬಿಟ್ಟರು. ಮುಂದಿನ ವಾರವೆಲ್ಲ ಆ ಇಬ್ಬರು ಗಂಡಸರು ಎದುರೆದುರು ಬಾಲ್ಕನಿಗಳಲ್ಲಿ ನಿಂತು ಪರಸ್ಪರ ಕಣ್ಣು ಹೊಡೆದುಕೊಂಡರು. ಬೀದಿಯ ಜನ ನಮ್ಮ ಬಗ್ಗೆ ಏನೆಂದುಕೊಂಡರೋ ನಾನು ವಿಚಾರಿಸಲು ಹೋಗಲಿಲ್ಲ.

ಕೊನೆಗೆ ವೇಗದ ಪ್ರಶ್ನೆ. “ಅಮ್ಮ ನಕ್ಕರೆ ಎಷ್ಟು ಹೊತ್ತು ನಗ್ತಾಳೆ?” ಎಂದು ನನ್ನನ್ನು ಕೇಳಿದರು. ಅಡುಗೆಮನೆಯಲ್ಲಿ ಅತ್ತೆ ಏನಕ್ಕೋ ಫಕ್ಕನೆ ನಕ್ಕಾಗ ಇವರು ಗಡಿಯಾರ ಹಿಡಿದು ನಿಂತಿದ್ದರು. “ಒಂದೂವರೆ ಸೆಕೆಂಡು. ‘ಅ’ದಲ್ಲಾದ್ರೆ ಸೆಕೆಂಡಿಗೆ ಎಂಟು, ಅಂದ್ರೆ ಹನ್ನೆರಡು ಫೋಟೋ. ‘ಆ’ದಲ್ಲಾದ್ರೆ ಹನ್ನೊಂದು, ಅಂದ್ರೆ ಹದಿನಾರೂವರೆ.”

“ಆ ಅರ್ಧ ಫೋಟೋದಲ್ಲಿ ಎಷ್ಟು ಹಲ್ಲು ಬರುತ್ತೋ?” ಎಂದರು ಅತ್ತೆ.

ತಿಂಗಳು ಬದಲಾಯಿತು. ಅತ್ತೆ ಕ್ಯಾಲೆಂಡರಿನಲ್ಲಿ ಇಪ್ಪತ್ತೆರಡಕ್ಕೆ ಏಳು ಚುಕ್ಕೆ ಇಟ್ಟಿದ್ದರು. ದಿನಾ ಬೆಳಿಗ್ಗೆ ನಾಲಿಗೆಯಿಂದ ಹಲ್ಲುಗಳ ಹಾಜರಿ ತೆಗೆದುಕೊಳ್ಳುವರು. “ಇವತ್ತು ಏಳೂ ಇವೆ ಕಣೋ. ನಾಳೆ ಮಾತು ನಾಳೆಗೆ.” ಗಟ್ಟಿ ಪದಾರ್ಥ ತಿನ್ನುವುದನ್ನು ಬಿಟ್ಟರು. ಸೀನು ಬಂದರೆ ಅಂಗೈಯನ್ನು ಬಾಯಿಗೆ ಅಡ್ಡ ಹಿಡಿಯುವರು, ಹಲ್ಲು ಹಾರಿಹೋದೀತೆಂದು. “ಯಾವುದೋ ಒಂದು ತಂದ್ಬಿಡ್ರೀ,” ಎಂದು ನಾನು ಹೇಳಿದಾಗಲೆಲ್ಲ ನನ್ನ ಗಂಡ, “ಇನ್ನೊಂದು ಕಾಲಂ ಬಾಕಿ ಇದೆ ಕಣೇ,” ಎನ್ನುವರು.

ಆ ಕಾಲಂಗಳಿದ್ದದ್ದು ಕಚೇರಿಯ ಅಚ್ಚಾದ ತುಲನಾ ಪಟ್ಟಿಯ ಹಾಳೆಯಲ್ಲಿ. ಬಿಳಿ ಹಾಳೆಯ ಮೇಲೆ ಯೋಚನೆ ಮಾಡಲು ಅವರಿಗೆ ಬರುವುದಿಲ್ಲ. ಆ ಹಾಳೆಯನ್ನು ಒಂದು ಮಧ್ಯಾಹ್ನ ಕಚೇರಿಯ ಮೇಜಿನ ಮೇಲೆ ಬಿಟ್ಟು ಅಂಗಡಿಯ ಸ್ಟೂಲಿಗೆ ಹೋದರು. ಬರುವಷ್ಟರಲ್ಲಿ ಜವಾನ ಮೇಜಿನ ಮೇಲಿದ್ದುದನ್ನೆಲ್ಲ ಎತ್ತಿ, ಕಡತಗಳ ಜೊತೆ ಮೇಲಕ್ಕೆ ಕಳಿಸಿದ್ದ.

ಸಾಮಾನ್ಯವಾಗಿ ಆ ಕಚೇರಿಯಲ್ಲಿ ಒಂದು ಪಟ್ಟಿ ಮೇಲಕ್ಕೆ ಹೋಗಿ ಬರಲು ಆರು ತಿಂಗಳು ಬೇಕು. ಉದ್ದೇಶ ಎಂಬ ಕಾಲಂನಲ್ಲಿ ಏನು ಬರೆದರೂ ಒಬ್ಬೊಬ್ಬ ಅಧಿಕಾರಿ ಒಂದೊಂದು ಪ್ರಶ್ನೆ ಕೇಳುತ್ತಾರೆ. ನನ್ನ ಗಂಡ ಆ ಕಾಲಂ ಖಾಲಿ ಬಿಟ್ಟಿದ್ದರು. ಕೇಳಲು ಏನೂ ಇರಲಿಲ್ಲ. ಕೆಳಗಿನವರು ಸಹಿ ಹಾಕಿದ್ದಾರೆಂದು ಮೇಲಿನವರು ಹಾಕಿದರು. ‘ಆ’ ಎಂಬ ಅಕ್ಷರದ ಸುತ್ತ ಇವರ ಚಹಾ ಲೋಟದ ಕಲೆ ದುಂಡಗೆ ಬಿದ್ದಿತ್ತು. ಯಾರೋ ಶಿಫಾರಸು ಮಾಡಿ ಸುತ್ತು ಹಾಕಿದ್ದಾರೆಂದು ಎಲ್ಲರೂ ತಿಳಿದರು. ಒಂಬತ್ತು ದಿನದಲ್ಲಿ ಐದು ಸಹಿ, ಅನುಮೋದನೆ, ಖರೀದಿ. ಹದಿನೇಳನೇ ತಾರೀಖು ‘ಆ’ ಕ್ಯಾಮೆರಾ ಡಬ್ಬಿ ಸಮೇತ ಕಚೇರಿಯ ಉಗ್ರಾಣಕ್ಕೆ ಬಂದು ಕೂತಿತು.

ಆ ಸಂಜೆ ನನ್ನ ಗಂಡ ಸುಣ್ಣ ಬಳಿದ ಮುಖ ಹೊತ್ತು ಬಂದರು.

“ನಾನು ಒಂದು ತಿಂಗಳಿಂದ ತೂಗಿ ನೋಡ್ತಿದ್ದದ್ದನ್ನ ಅವರು ಓದದೇನೇ ತೀರ್ಮಾನ ಮಾಡಿದಾರೆ ಕಣೇ!”

“ನಿಮ್ಮದು ಅಂತ ಹೇಳಿ ಬರಬೇಕಿತ್ತು.”

“ಕಚೇರಿ ಹಾಳೇಲಿ ಮನೆ ವಿಷಯ ಬರೆದೆ ಅಂತ ಹೇಳ್ಲಾ? ಕೆಲಸ ಹೋಗುತ್ತೆ.”

“ಸರಿ, ಅಂಗಡೀಲಿ ಇನ್ನೊಂದು ‘ಆ’ ತಗೊಳ್ಳಿ.”

“ಇದ್ದದ್ದು ಒಂದೇ. ಅದನ್ನೇ ಕಚೇರಿಗೆ ಮಾರಿದಾನೆ. ಇನ್ನೊಂದು ಬರೋಕೆ ತಿಂಗಳಾಗುತ್ತಂತೆ.”

“ಹಾಗಾದ್ರೆ ‘ಅ’ ತಗೊಳ್ಳಿ, ಇಲ್ಲ ‘ಇ’ ತಗೊಳ್ಳಿ!”

ಅವರು ನನ್ನನ್ನು ಕರುಣೆಯಿಂದ ನೋಡಿದರು. “ಅನುಮೋದನೆ ಆದ್ಮೇಲೆ ಬೇರೆ ತಗೊಳ್ಳೋದಕ್ಕೆ ಬರಲ್ಲ.”

ಅತ್ತೆ ಇದನ್ನೆಲ್ಲ ಕೇಳಿಸಿಕೊಂಡು ಕೂತಿದ್ದರು. ಎರಡು ದಿನ ಬಿಟ್ಟು, ಮಗ ಕಚೇರಿಗೆ ಹೋದ ಒಂದು ಗಂಟೆಯ ಮೇಲೆ, ಒಳ್ಳೆಯ ಸೀರೆ ಉಟ್ಟು ಬಂದು, “ನಡಿಯಮ್ಮ,” ಎಂದರು ನನಗೆ.

ನೀರು ಸರಬರಾಜು ಕಚೇರಿಯ ಮುಖ್ಯ ಎಂಜಿನಿಯರು ಒಬ್ಬ ಹೆಂಗಸು. ಎಲ್ಲರೂ ಮೇಡಂ ಎನ್ನುತ್ತಾರೆ. ಮೇಜಿನ ತುಂಬ ಪೈಪುಗಳ ನಕ್ಷೆ, ಪಕ್ಕದಲ್ಲಿ ಆರಿದ ಕಾಫಿ. ಜವಾನ ತಡೆಯುವ ಮೊದಲೇ ಅತ್ತೆ ಎದುರಿನ ಕುರ್ಚಿಯಲ್ಲಿ ಕೂತಾಗಿತ್ತು.

“ಮೇಡಂ, ನನ್ನ ಕ್ಯಾಮೆರಾ ನಿಮ್ಮ ಉಗ್ರಾಣದಲ್ಲಿದೆ.”

ಮೇಡಂ ನನ್ನ ಕಡೆ ನೋಡಿದರು. ನಾನು ಪೈಪುಗಳ ಕಡೆ ನೋಡಿದೆ. ನನ್ನ ಗಂಡನನ್ನು ಕರೆಸಲಾಯಿತು. ತಾಯಿಯನ್ನು ಅಲ್ಲಿ ಕಂಡದ್ದೇ ಅವರಿಗೆ ಎರಡೂ ಕಣ್ಣು ತಾವಾಗಿ ಮುಚ್ಚಿಕೊಂಡವು. ಮುಚ್ಚಿಕೊಂಡೇ ಎಲ್ಲವನ್ನೂ ಒಪ್ಪಿಕೊಂಡರು: ಹಲ್ಲು, ತಂಗಿ, ಪ್ರತಿಜ್ಞೆ, ಹಾಳೆ, ಚಹಾ ಲೋಟ.

“ಕಚೇರಿ ನಮೂನೇನ ಮನೆಗೆ ಬಳಸಿದೀರಿ. ಇದಕ್ಕೆ ನಾನು ನಿಮ್ಮನ್ನ ಮನೆಗೇ ಕಳಿಸ್ಬಹುದು, ಗೊತ್ತಾ?” ಮೇಡಂ ದನಿ ಪೈಪು ಒಡೆದ ಹಾಗಿತ್ತು. “ತನ್ನಿ ಆ ಪಟ್ಟಿ! ಇಂಥದಕ್ಕೆ ಸಹಿ ಹಾಕಿರೋ ಬುದ್ಧಿವಂತರು ಯಾರು ಅಂತ ನೋಡ್ತೀನಿ.”

ಪಟ್ಟಿ ಬಂತು. ಮೇಡಂ ಬೆರಳಿಟ್ಟು ಸಹಿಗಳನ್ನು ಕೆಳಗಿನಿಂದ ಓದುತ್ತಾ ಹೋದರು. ಒಂದು, ಎರಡು, ಮೂರು, ನಾಲ್ಕು. ಐದನೆಯದರ ಹತ್ತಿರ ಬೆರಳು ನಿಂತಿತು. ಐದನೆಯದು ಹಸಿರು ಶಾಯಿಯಲ್ಲಿತ್ತು. ಮೇಡಂ ಕೈಯಲ್ಲಿದ್ದ ಪೆನ್ನೂ ಹಸಿರು ಶಾಯಿಯದೇ. ಅವರು ಮೆಲ್ಲಗೆ ಪೆನ್ನಿಗೆ ಮುಚ್ಚಳ ಹಾಕಿದರು.

“ಇಪ್ಪತ್ತೆರಡು ಅಂದ್ರಾ ಅಮ್ಮಾ?” ಎಂದು ಅತ್ತೆಯನ್ನು ಕೇಳಿದರು, ಬೇರೆಯೇ ದನಿಯಲ್ಲಿ.

“ಹೂಂ ಮೇಡಂ. ಏಳು ಹಲ್ಲು, ಮೂರು ದಿನ.”

ಲೆಕ್ಕ ತಪಾಸಣೆಯವರಿಗೆ ಕರೆ ಹೋಯಿತು. ಅವರನ್ನು ಕಚೇರಿಯವರು ‘ಆದರೆ’ ಎಂದೇ ಕರೆಯುತ್ತಾರೆ. ಅವರ ಯಾವ ಟಿಪ್ಪಣಿಯೂ ಬೇರೆ ಪದದಿಂದ ಶುರುವಾಗುವುದಿಲ್ಲ. ತೆಳ್ಳಗಿನ ಮನುಷ್ಯ. ಪಟ್ಟಿಯನ್ನು ಆ ಕಚೇರಿಯಲ್ಲಿ ಮೊದಲ ಸಲ ಒಬ್ಬರು ಪೂರ್ತಿ ಓದಿದರು.

“ಆದರೆ,” ಎಂದರು, “ಉದ್ದೇಶವೇ ಬರೆದಿಲ್ಲ.”

“ಅದು ಗೊತ್ತು. ಕ್ಯಾಮೆರಾನ ಒಂದು ದಿನಕ್ಕೆ ಮನೆಗೆ ಕೊಡೋಕೆ ಬರುತ್ತಾ?”

“ಬರೋದಿಲ್ಲ. ಆದರೆ...” ‘ಆದರೆ’ಯವರು ಕನ್ನಡಕ ಒರೆಸಿಕೊಂಡರು. “ಹೊಸ ಉಪಕರಣ ಬಂದ ಮೂವತ್ತು ದಿನದೊಳಗೆ ಮೂವರ ಸಮಿತಿ ಅದನ್ನ ಪರೀಕ್ಷೆ ಮಾಡಿ ವರದಿ ಕೊಡಲೇಬೇಕು. ಪರೀಕ್ಷೆ ಎಲ್ಲಿ ಮಾಡಬೇಕು, ಯಾವುದರ ಮೇಲೆ ಮಾಡಬೇಕು ಅಂತ ನಿಯಮದಲ್ಲಿ ಎಲ್ಲೂ ಹೇಳಿಲ್ಲ.”

ಮೇಡಂ ಪೆನ್ನಿನ ಮುಚ್ಚಳ ತೆಗೆದರು.

ಇಪ್ಪತ್ತೆರಡನೇ ತಾರೀಖು ಬೆಳಿಗ್ಗೆ ಹತ್ತಕ್ಕೆ ನೀರು ಸರಬರಾಜು ಕಚೇರಿಯ ಉಪಕರಣ ಪರೀಕ್ಷಾ ಸಮಿತಿ ಹಲ್ಲಿನ ಆಸ್ಪತ್ರೆಗೆ ಆಗಮಿಸಿತು. ಮುಂದೆ ‘ಆದರೆ’ಯವರು, ಕೈಯಲ್ಲಿ ವರದಿಯ ನಮೂನೆ. ಹಿಂದೆ ಉಗ್ರಾಣದ ದಪ್ಪನೆಯ ಅಧಿಕಾರಿ, ಕಂಕುಳಲ್ಲಿ ಡಬ್ಬಿ. ಆ ಡಬ್ಬಿಯನ್ನು ಅವರು ಬೇರೆಯವರ ಕೈಗೆ ಕೊಡರು. ಮೂರನೆಯವರು ನನ್ನ ಗಂಡ. ಕಾಯುವ ಕೋಣೆಯಲ್ಲಿ ಕೆನ್ನೆ ಊದಿಸಿಕೊಂಡು ಕೂತಿದ್ದ ನಾಲ್ಕು ಜನ ಎದ್ದು ನಿಂತರು, ಏನೋ ದಾಳಿ ಎಂದುಕೊಂಡು.

ಅತ್ತೆ ಆಗಲೇ ಆ ಉದ್ದ ಕುರ್ಚಿಯಲ್ಲಿ ಮಲಗಿ ಕಾಯುತ್ತಿದ್ದರು. ಡಾಕ್ಟರು ಸಿರಿಂಜು ಹಿಡಿದಿದ್ದರು.

“ಯಾರು ನೀವೆಲ್ಲ?”

“ನೀರು ಸರಬರಾಜು,” ಎಂದರು ‘ಆದರೆ’ಯವರು.

“ನಲ್ಲಿ ಸರಿ ಇದೆಯಲ್ಲ!”

ನಾನು ಅಡ್ಡ ಬಂದು ವಿವರಿಸಿದೆ. ಡಾಕ್ಟರು ಕೇಳಿ, ಸಿರಿಂಜು ಕೆಳಗಿಟ್ಟು, “ಇಪ್ಪತ್ತು ನಿಮಿಷ. ಹೊರಗೆ ಜನ ಕಾಯ್ತಿದಾರೆ,” ಎಂದರು. ಉಗ್ರಾಣದವರು ಡಬ್ಬಿಗೆ ಅಂಟಿಸಿದ್ದ ಚೀಟಿ ಹರಿಯಲು ಸಾಕ್ಷಿ ಬೇಕೆಂದರು. ಡಾಕ್ಟರೇ ಸಹಿ ಹಾಕಿದರು. ಕ್ಯಾಮೆರಾ ಹೊರಗೆ ಬಂತು. ಬ್ಯಾಟರಿಗೆ ಹಿಂದಿನ ದಿನವೇ ಚಾರ್ಜು ಮಾಡಿಟ್ಟಿದ್ದರು, ಮೂವರೂ ಪಾಳಿಯ ಮೇಲೆ ಪಕ್ಕದಲ್ಲಿ ಕೂತು.

“ನಗಮ್ಮ,” ಎಂದರು ನನ್ನ ಗಂಡ.

ಅತ್ತೆ ಬಾಯಿ ತೆರೆಯಲು ನೋಡಿದರು. ಆಗಲಿಲ್ಲ. ಲೆನ್ಸು ಎದುರಿಗೆ ಬಂದದ್ದೇ ತುಟಿಗಳು ತಾವಾಗಿ ಬಂದು ಒಂದಕ್ಕೊಂದು ಕೂತವು, ಮಳೆ ಬಂದಾಗ ಕಿಟಕಿ ಮುಚ್ಚುವ ಹಾಗೆ. “ತಡಿಯೋ,” ಎಂದರು. ಮತ್ತೆ ನೋಡಿದರು. ಮತ್ತೆ ಮುಚ್ಚಿತು. ಅವರ ಕೈ ನನ್ನ ಕೈಯನ್ನು ಹುಡುಕಿ ಹಿಡಿಯಿತು.

“ಬರ್ತಾ ಇಲ್ಲಮ್ಮ,” ಎಂದರು ಮೆಲ್ಲಗೆ. “ಇಷ್ಟೆಲ್ಲ ಮಾಡಿ, ಬರ್ತಾನೇ ಇಲ್ಲ.”

ಎಲ್ಲರೂ ಪ್ರಯತ್ನಪಟ್ಟರು. ಉಗ್ರಾಣದವರು ಒಂದು ಜೋಕು ಹೇಳಿದರು. ಅದರಲ್ಲಿ ನಾಲ್ಕು ನೆಲ್ಲಿಕಾಯಿ ಗಾತ್ರದ ಬೋಲ್ಟು ಬರುತ್ತಿತ್ತು, ಯಾರಿಗೂ ತಿಳಿಯಲಿಲ್ಲ. ಡಾಕ್ಟರು ಗಡಿಯಾರ ನೋಡಿದರು. ನನ್ನ ಗಂಡ ಕಿಂಡಿಗೆ ಕಣ್ಣಿಟ್ಟು, ಕೆನ್ನೆ ಎತ್ತಿ, ಮೇಷ್ಟ್ರ ಪಾಠವನ್ನೆಲ್ಲ ಮರೆತು, ಎರಡೂ ಕಣ್ಣು ಮುಚ್ಚಿ ಟಕಟಕ ಒತ್ತಿದರು. ಬಂದದ್ದು ಡಾಕ್ಟರ ಮೊಣಕೈಯ ಹನ್ನೊಂದು ಸ್ಪಷ್ಟ ಚಿತ್ರಗಳು.

“ಹತ್ತು ನಿಮಿಷ ಆಯ್ತು,” ಎಂದರು ಡಾಕ್ಟರು.

ಈ ಗಲಾಟೆಯಲ್ಲಿ ‘ಆದರೆ’ಯವರು ಮಾತ್ರ ಮೂಲೆಯಲ್ಲಿ ನಿಂತು ತಮ್ಮ ನಮೂನೆ ತುಂಬುತ್ತಿದ್ದರು. ನಿಯಮದ ಪ್ರಕಾರ ತುಂಬಿದ್ದನ್ನು ಸಮಿತಿಯ ಮುಂದೆ ಗಟ್ಟಿಯಾಗಿ ಓದಬೇಕು. ಗಂಟಲು ಸರಿಮಾಡಿಕೊಂಡು ಓದಿದರು.

“ಪರೀಕ್ಷೆಗೆ ಒಳಪಡಿಸಿದ ವಸ್ತು: ಗುಮಾಸ್ತರ ತಾಯಿ. ಸಂಖ್ಯೆ: ಒಂದು. ತಯಾರಾದ ವರ್ಷ...” ಅತ್ತೆಯ ಕಡೆ ತಿರುಗಿ ಗೌರವದಿಂದ ಕೇಳಿದರು, “ತಾವು ತಯಾರಾದ ವರ್ಷ ಯಾವುದಮ್ಮಾ?”

ಅತ್ತೆ ಅವರನ್ನೇ ನೋಡಿದರು.

“ಗೊತ್ತಿಲ್ಲದಿದ್ರೆ ಬೇಡ. ಸ್ಥಿತಿ: ಹಳೆಯದು. ಆದರೆ ಚಾಲನೆಯಲ್ಲಿದೆ. ಬಿಡಿ ಭಾಗಗಳು: ಏಳು, ಎಲ್ಲವೂ ಸಡಿಲ. ಸೋರಿಕೆ: ಕಂಡುಬಂದಿಲ್ಲ.”

ಮೊದಲು ಅತ್ತೆಯ ಹೊಟ್ಟೆ ಅಲುಗಿತು. ಆಮೇಲೆ ಭುಜ. ಆಮೇಲೆ ಮೂಗಿನಿಂದ ಒಂದು ಸದ್ದು ಬಂತು, ಕುಕ್ಕರಿನ ಸೀಟಿ ಏಳುವ ಮೊದಲಿನಂಥದು. ಅಂಗೈ ಬಾಯಿಯ ಹತ್ತಿರ ಬಂದದ್ದನ್ನು ನಾನು ಹಿಡಿದುಕೊಂಡೆ, ಬಿಡಲಿಲ್ಲ. ತುಟಿ ಬಿರಿಯಿತು. ಒಂದು ಸಲ ಬಿರಿದದ್ದು ನಿಲ್ಲಲಿಲ್ಲ. “ಸೋರಿಕೆ... ಸೋರಿಕೆ ಇಲ್ವಂತೆ ಕಣೇ!” ಎಂದು ಕುರ್ಚಿಯ ಮೇಲೆ ಹೊರಳಿ ಹೊರಳಿ ನಕ್ಕರು. ಏಳು ಹಲ್ಲೂ ಹೊರಗೆ, ಕಣ್ಣಲ್ಲಿ ನೀರು ಹೊರಗೆ. ಒಂದೂವರೆ ಸೆಕೆಂಡಿನ ಅಂದಾಜು ಎಲ್ಲೋ ಹೋಯಿತು. ಡಾಕ್ಟರು ನಕ್ಕರು. ಬಾಗಿಲಲ್ಲಿ ಇಣುಕುತ್ತಿದ್ದ ಕೆನ್ನೆ ಊದಿದವರು ಕೆನ್ನೆ ಹಿಡಿದುಕೊಂಡು, “ಅಯ್ಯಯ್ಯೋ, ಅಮ್ಮಾ,” ಎಂದು ನೋವಿನಲ್ಲೇ ನಕ್ಕರು. ‘ಆದರೆ’ಯವರು ಒಬ್ಬರೇ ಗಂಭೀರವಾಗಿದ್ದರು. ತಾವು ಏನು ತಪ್ಪು ಓದಿದೆವೆಂದು ನಮೂನೆಯನ್ನು ಮೊದಲಿನಿಂದ ನೋಡುತ್ತಿದ್ದರು.

ನನ್ನ ಗಂಡ ಎರಡೂ ಕಣ್ಣು ಬಿಟ್ಟು, ಕಿಂಡಿಯನ್ನು ಮರೆತು, ಹಿಂದಿನ ಪರದೆ ನೋಡಿಕೊಂಡೇ ಗುಂಡಿ ಒತ್ತಿದರು. ಒತ್ತಿದ ಬೆರಳನ್ನು ತೆಗೆಯಲೇ ಇಲ್ಲ. ನಾಲ್ಕುನೂರ ಆರು ಚಿತ್ರಗಳು ಬಂದವು.

ಕ್ಯಾಮೆರಾವನ್ನು ಅತ್ತೆಯ ಕೈಗೆ ಕೊಟ್ಟೆವು. ಉಗ್ರಾಣದವರು ಕೆಳಗೆ ಎರಡೂ ಅಂಗೈ ಹಿಡಿದು ನಿಂತರು, ಬಿದ್ದರೆ ಹಿಡಿಯಲು. ಅತ್ತೆ ಆ ಸಣ್ಣ ಪರದೆಯನ್ನು ಬಹಳ ಹೊತ್ತು ನೋಡಿದರು.

“ಇದು ನಾನೇನಾ?” ಎಂದರು. “ನೋಡು, ನನ್ನ ಹಲ್ಲು ಅಂಥಾ ಮುಂದೇನೂ ಇಲ್ಲ.”

ಆಮೇಲೆ ಕ್ಯಾಮೆರಾ ಹಿಂದೆ ಕೊಟ್ಟು, ತಲೆ ಒರಗಿಸಿ, ಬಾಯಿ ಅಗಲ ತೆರೆದರು. “ಹೂಂ ಡಾಕ್ಟ್ರೇ. ಈಗ ಕೀಳಿ.”

ಇಲ್ಲಿಗೆ ಮುಗಿಯಬೇಕಿತ್ತು. ಆದರೆ ಫೋಟೋ ಈಗ ಪರೀಕ್ಷಾ ವರದಿಯ ಭಾಗವಾಗಿತ್ತು, ವರದಿ ಕಡತದ ಭಾಗ. ಕಚೇರಿಯ ಆಸ್ತಿ. ಮನೆಗೆ ಬೇಕಾದರೆ ಅರ್ಜಿ ಹಾಕಿ ನಕಲು ಪಡೆಯಬೇಕು ಎಂದರು ‘ಆದರೆ’ಯವರು. ಅತ್ತೆ ವಸಡಿಗೆ ಹತ್ತಿ ಇಟ್ಟುಕೊಂಡೇ ಅರ್ಜಿ ಬರೆದರು. ಸಂಬಂಧ ಎಂಬಲ್ಲಿ ‘ಸ್ವತಃ ನಾನೇ’ ಎಂದು ತುಂಬಿದರು.

ಹದಿನೈದು ದಿನಕ್ಕೆ ನಕಲು ಬಂತು, ದೊಡ್ಡ ಗಾತ್ರದಲ್ಲಿ. ಕುರ್ಚಿಯ ಮೇಲೆ ತಲೆ ಹಿಂದಕ್ಕೆ ಚೆಲ್ಲಿ, ಬಾಯಿ ತುಂಬ ನಗುತ್ತಿರುವ ಅತ್ತೆ. ಒಂದೊಂದು ಹಲ್ಲನ್ನೂ ಎಣಿಸಬಹುದು. ಬಲಗಡೆ, ಸರಿಯಾಗಿ ಕೆನ್ನೆಯ ಮೇಲೆ, ಕಚೇರಿಯ ದುಂಡು ಮೊಹರು. ಕೆಳಗೆ ನೀಲಿ ಅಕ್ಷರದಲ್ಲಿ ‘ಮೂಲದೊಂದಿಗೆ ತಾಳೆ ನೋಡಿದೆ. ಸರಿ ಇದೆ’. ಅದರ ಕೆಳಗೆ ಮೇಡಂ ಸಹಿ, ಹಸಿರು ಶಾಯಿಯಲ್ಲಿ.

ಅತ್ತೆ ಅದನ್ನು ಚೌಕಟ್ಟು ಹಾಕಿಸಿ, ಹಜಾರದಲ್ಲಿ, ಬಂದವರಿಗೆ ಮೊದಲು ಕಾಣುವ ಗೋಡೆಗೆ ಹಾಕಿಸಿದರು. ನೋಡಲು ಬಂದ ನಾದಿನಿಗೆ ಅಳುವೇ ಬಂತು.

“ಎಷ್ಟು ಚೆನ್ನಾಗಿ ಬಂದಿದೆ! ಈ ದರಿದ್ರ ಮೊಹರು ಒಂದು ಇಲ್ದಿದ್ರೆ! ಕೊಡಮ್ಮ, ಸ್ಟುಡಿಯೋದಲ್ಲಿ ಅಳಿಸ್ಕೊಂಡು ಬರ್ತೀನಿ.”

“ಮುಟ್ಟಿದ್ರೆ ನೋಡು,” ಎಂದರು ಅತ್ತೆ. ಹಲ್ಲಿಲ್ಲದ ಬಾಯಿಯಿಂದ ಮಾತು ಗಾಳಿ ತುಂಬಿಕೊಂಡು ಬಂತು, ಆದರೂ ಒಂದಕ್ಷರ ಅಲುಗಲಿಲ್ಲ. “ನಾನು ಹೀಗೆ ನಕ್ಕಿದ್ದು ನಿಜ ಅಂತ ಸರ್ಕಾರಾನೇ ಒಪ್ಕೊಂಡಿದೆ. ಇನ್ನು ಯಾವನು ಬಂದು ಬಾಯಿ ಮುಚ್ಕೋ ಅಂತಾನೋ, ಬರ್ಲಿ.”